ಶಿಕಾಗೋ ಬಾವುಟ ಬಿಡಿಸೋದು ಹೇಗೆ, ಅದನ್ನ ಓದೋದು ಹೇಗೆ

ಎರಡು ನೀಲಿ ಪಟ್ಟಿ, ನಾಲ್ಕು ಕೆಂಪು ಸ್ಟಾರ್, ನೋಡೋಕೆ ಇಷ್ಟೇ, ಆದ್ರೆ ಬಿಡಿಸೋವಾಗ ಎಷ್ಟೋ ಜನ ಸ್ಟಾರ್ ಹತ್ರಾನೇ ಎಡವ್ತಾರೆ.

ಮೊದ್ಲು ಪಟ್ಟಿ. 36 ಸೆಂ.ಮೀ. ಉದ್ದ, 24 ಸೆಂ.ಮೀ. ಎತ್ತರದ ಬಿಳಿ ಹಾಳೆ ತಗೊಳ್ಳಿ, ಮೇಲಿಂದ 3.7 ಬಿಟ್ಟು 4 ಸೆಂ.ಮೀ. ದಪ್ಪದ ತಿಳಿನೀಲಿ ಪಟ್ಟಿ ಎಳೀರಿ, ಕೆಳಗಿಂದಾನೂ ಹಾಗೇ. ನಿಯಮದ ಪ್ರಕಾರ ಪಟ್ಟಿ ಎತ್ತರದ ಆರನೇ ಒಂದು ಭಾಗ, ಅಂಚಿಂದ ದೂರ ಅದಕ್ಕಿಂತ ಒಂಚೂರು ಕಮ್ಮಿ, ಅದಕ್ಕೇ ಈ 3.7. ಉಳಿದ ಮೂರು ಬಿಳಿ ಜಾಗ ಅಂದ್ರೆ ಊರಿನ ಉತ್ತರ, ಪಶ್ಚಿಮ, ದಕ್ಷಿಣ ಭಾಗ. ಪೂರ್ವ ಎಲ್ಲಿ ಅಂತೀರಾ, ಅಲ್ಲಿರೋದು ಮಿಶಿಗನ್ ಸರೋವರ! ಮೇಲಿನ ನೀಲಿ ಆ ಸರೋವರ ಮತ್ತೆ ಶಿಕಾಗೋ ನದಿಯ ಉತ್ತರದ ಕವಲು, ಕೆಳಗಿಂದು ದಕ್ಷಿಣದ ಕವಲು ಮತ್ತೆ ದೊಡ್ಡ ಕಾಲುವೆ. ಕುಡಿಯೋ ನೀರಿನ ಸರೋವರಕ್ಕೆ ಊರಿನ ಕೊಳಚೆ ಸೇರ್ತಿದೆ ಅಂತ 1900ರಲ್ಲಿ ಈ ಕಾಲುವೆ ತೆರೆದು ನದೀನೇ ಹಿಂದಕ್ಕೆ ಹರಿಯೋ ಹಾಗೆ ಮಾಡಿದ್ರು, ಅಂಥ ಕೆಲ್ಸಕ್ಕೆ ಬಾವುಟದಲ್ಲಿ ಜಾಗ ಸಿಕ್ಕಿದ್ದು ನ್ಯಾಯಾನೇ.

ಈಗ ಸ್ಟಾರ್. ಎರಡು ತ್ರಿಕೋನ ಒಂದರ ಮೇಲೊಂದು ಇಟ್ಟು ಬಿಡಿಸ್ಬೇಡಿ, ಮೂಲೆ ದಪ್ಪ ಆಗುತ್ತೆ. ಇದರ ಮೂಲೆ ಚೂಪು, ಬರೀ 30 ಡಿಗ್ರಿ. ಎಡ ಅಂಚಿಂದ 7.5, 14.5, 21.5, 28.5 ಸೆಂ.ಮೀ.ಗೆ, ನಡುಮಧ್ಯದ ಎತ್ತರದಲ್ಲಿ ಚುಕ್ಕಿ ಇಡಿ. ಒಂದೊಂದ್ರ ಸುತ್ತ ಕೈವಾರದಲ್ಲಿ 3.5 ತ್ರಿಜ್ಯದ ವೃತ್ತ, ಒಳಗೆ 1.3ರದ್ದು. ಹೊರಗಿನದ್ರಲ್ಲಿ ನೆತ್ತಿಯಿಂದ ಶುರು ಮಾಡಿ 60 ಡಿಗ್ರಿಗೊಂದು ಗುರುತು, ಒಳಗಿನದ್ರಲ್ಲಿ ಅವುಗಳ ನಡುನಡುವೆ ಗುರುತು, ಆಮೇಲೆ ಹೊರಗೊಂದು ಒಳಗೊಂದು ಅಂತ ಸೇರಿಸ್ಕೊಂಡು ಹೋಗಿ. ಆರೇ ಮೂಲೆ ಯಾಕೆ ಅಂದ್ರೆ, ಐದು ಮೂಲೆದು ಸ್ವತಂತ್ರ ರಾಜ್ಯಗಳಿಗೆ ಅಂತ ಡಿಸೈನ್ ಮಾಡಿದ ವ್ಯಾಲೇಸ್ ರೈಸ್ ಲೆಕ್ಕ. ಒಂದೊಂದು ಮೂಲೆಗೂ ಒಂದೊಂದು ಅರ್ಥ ಕೊಟ್ಟಿದ್ದಾರೆ, ಎಡದ ಮೊದಲನೇ ಸ್ಟಾರ್‌ನ ಮೂಲೆಗಳಿಗೆ ಸಾಗಾಣಿಕೆ, ದುಡಿಮೆ, ವ್ಯಾಪಾರ, ಹಣಕಾಸು ಹೀಗೆ, ನಂಗನ್ಸೋ ಪ್ರಕಾರ ಅದು ಸ್ವಲ್ಪ ಅತಿಯಾಯ್ತು.

ಎಡದಿಂದ ಓದಿ: ಊರು ಬೆಳೆಯೋಕೆ ಮುಂಚೆ ಅಲ್ಲಿದ್ದ ಸೈನ್ಯದ ಡಿಯರ್‌ಬಾರ್ನ್ ಕೋಟೆ, 1871ರ ಬೆಂಕಿ, 1893ರ ವಸ್ತುಪ್ರದರ್ಶನ, 1933ರ ವಸ್ತುಪ್ರದರ್ಶನ. ಮಜಾ ಏನಂದ್ರೆ 1917ರಲ್ಲಿ ಬಾವುಟ ಬಂದಾಗ ಇದ್ದಿದ್ದು ಈಗಿನ ನಡುವಿನ ಎರಡೇ, ಕೊನೇದು 1933ರಲ್ಲಿ ಸೇರ್ತು, ಎಲ್ಲಕ್ಕಿಂತ ಹಳೇ ಕಥೆಯ ಕೋಟೆ ಸ್ಟಾರ್ 1939ರಲ್ಲಿ ಬಂದು ಎಲ್ಲರ ಮುಂದೆ ನಿಂತ್ಕೊಳ್ತು. ಮೂರನೇದು ನಮಗೂ ಗೊತ್ತಿರೋದೇ, ಆ ಪ್ರದರ್ಶನದ ಜೊತೆಗೇ ಸರ್ವಧರ್ಮ ಸಮ್ಮೇಳನ ನಡೆದಿದ್ದು, ಹಿಂದಿನ ವರ್ಷ ಮೈಸೂರಲ್ಲಿ ಚಾಮರಾಜ ಒಡೆಯರ ಅತಿಥಿಯಾಗಿದ್ದ ವಿವೇಕಾನಂದರು ಮಾತಾಡಿದ್ದು ಅಲ್ಲೇ.

ಬಣ್ಣ ಹಚ್ಚೋವಾಗ ಕಡುನೀಲಿ ಬೇಡ, ಊರ ಹೆಸರು, ಸೀಲು ಏನೂ ಬರೀಬೇಡಿ. ಐದನೇ ಸ್ಟಾರ್ ಹಾಕೋಣ ಅಂತ ಆಗಾಗ ಯಾರಾದ್ರೂ ಮಾತೆತ್ತುತ್ತಾರೆ, ಯಾವುದೂ ಪಾಸಾಗಿಲ್ಲ, ಹಾಗಾಗಿ ನಾಲ್ಕಕ್ಕೇ ನಿಲ್ಲಿಸಿ.