ಬಳ್ಳಾರಿ, ರಾಯಚೂರು ಕಡೆ ಸೇವೆಗೆ ಬರುವವರಿಗೆ

ಮಂಗಳೂರು, ಉಡುಪಿ ಕಡೆಯಿಂದ ನಮ್ಮ ಬಳ್ಳಾರಿ ಧರ್ಮಪ್ರಾಂತ್ಯಕ್ಕೆ (ಒಬ್ಬ ಕ್ಯಾಥೊಲಿಕ್ ಬಿಷಪ್ ನೋಡಿಕೊಳ್ಳುವ ಪ್ರದೇಶ) ಸ್ವಯಂಸೇವೆಗೆ ಬರಬೇಕು ಅಂತಿರುವ ತಮ್ಮ ತಂಗಿಯರೇ, ಮೊದಲು ತಿಂಗಳು ನೋಡಿ ಬನ್ನಿ. ರಾಯಚೂರು, ಕೊಪ್ಪಳವೂ ಇದೇ ಧರ್ಮಪ್ರಾಂತ್ಯಕ್ಕೆ ಸೇರಿವೆ, ಎಲ್ಲಾ ಕಡೆ ಕಥೆ ಒಂದೇ.

ಏಪ್ರಿಲ್, ಮೇ ರಜೆಯಲ್ಲಿ ಬರುವವರೇ ಜಾಸ್ತಿ. ಆಗ ಬಿಸಿಲು 40 ಡಿಗ್ರಿ ದಾಟುತ್ತದೆ, ಅದು ಹೇಗೋ ಅಭ್ಯಾಸವಾಗುತ್ತದೆ. ಆದರೆ ಸುಗ್ಗಿ ಮುಗಿದ ಮೇಲೆ ಎಷ್ಟೋ ಮನೆಯವರು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗಿರುತ್ತಾರೆ, ಊರಲ್ಲಿ ಅಜ್ಜ ಅಜ್ಜಿ ಮತ್ತು ಅವರ ಹತ್ತಿರ ಬಿಟ್ಟುಹೋದ ಮಕ್ಕಳು ಮಾತ್ರ ಸಿಗುತ್ತಾರೆ. ಆ ಮಕ್ಕಳನ್ನು ಸಂಜೆ ಕೂರಿಸಿಕೊಂಡು ಓದಿಸುವುದೇ ದೊಡ್ಡ ಸೇವೆ, ಶಿಬಿರ ಗಿಬಿರ ಆಮೇಲೆ ನೋಡೋಣ.

ಹತ್ತಿ ಬಿಡಿಸುವ ಕಾಲದಲ್ಲಿ ಬಂದರೆ ಹಗಲು ಮನೆ ಭೇಟಿ ಇಟ್ಟುಕೊಳ್ಳಬೇಡಿ, ಎಲ್ಲರೂ ಹೊಲದಲ್ಲಿರುತ್ತಾರೆ. ಕತ್ತಲಾದ ಮೇಲೆ ಹೋಗಿ. ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರೆ ಬೇಡ ಅನ್ನಬೇಡಿ, ಅವರಿಗೆ ನಿಜವಾಗಿ ನೋವಾಗುತ್ತದೆ. ಕುಡಿಯಲು ಮಾತ್ರ ಶುದ್ಧೀಕರಿಸಿದ ನೀರೇ ಇರಲಿ, ಈ ಭಾಗದ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ.

ಮನೆಯಲ್ಲಿ ಕೊಂಕಣಿಯಲ್ಲಿ ಪ್ರಾರ್ಥಿಸುವವರು ಜಪಸರ (ರೋಸರಿ) ಪ್ರಾರ್ಥನೆ, ಚರ್ಚಿನ ಬಲಿಪೂಜೆಯಲ್ಲಿ ಗುರುಗಳಿಗೆ ಜನ ಹೇಳುವ ಉತ್ತರಗಳನ್ನು ಕನ್ನಡದಲ್ಲಿ ಕಲಿತು ಬನ್ನಿ. ಇಲ್ಲಿನ ಅವ್ವಂದಿರು ಪಕ್ಕದಲ್ಲಿ ಕೂತು ಜೊತೆಗೆ ಪ್ರಾರ್ಥಿಸುವವರನ್ನು ಬೇಗ ನಮ್ಮವರು ಅನ್ನುತ್ತಾರೆ. ಮಕ್ಕಳ ಫೋಟೋ ಮನೆಯವರನ್ನು ಕೇಳದೆ ಎಲ್ಲೂ ಹಾಕಬೇಡಿ. ಮತ್ತೆ ಬರುತ್ತೇವೆ ಅಂತ ಮಕ್ಕಳಿಗೆ ಸುಮ್ನೆ ಮಾತು ಕೊಡಬೇಡಿ, ಅವು ಕಾಯುತ್ತವೆ.

ಹೊರಡುವ ಮುಂಚೆ ಯಾವ ಮಗು ಎಲ್ಲಿವರೆಗೆ ಓದಲು ಕಲಿತಿದೆ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದು ಅಲ್ಲಿನ ಸಿಸ್ಟರ್ (ಕ್ರೈಸ್ತ ಸನ್ಯಾಸಿನಿ) ಕೈಗೆ ಕೊಡಿ, ಮುಂದಿನ ತಂಡದವರು ಮತ್ತೆ ಅ ಆ ಇ ಈಯಿಂದ ಶುರು ಮಾಡುವುದು ತಪ್ಪುತ್ತದೆ.