ಎಸ್.ಎಸ್. ತಗಡನ್ನು ಎಂ.ಎಸ್. ಆಂಗಲ್‌ಗೆ ವೆಲ್ಡ್ ಮಾಡುವ ಕ್ರಮ

ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳಲ್ಲಿ ಕೊಯ್ಲಿಗೆ ಮುನ್ನ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ದುರಸ್ತಿಗೆ ಬಂದಾಗ, ಹಣ್ಣು ಸುರಿಯುವ ಎಸ್.ಎಸ್. (ಸ್ಟೇನ್‌ಲೆಸ್ ಸ್ಟೀಲ್) ಹಾಪರ್ ಮತ್ತು ಎಂ.ಎಸ್. (ಮೈಲ್ಡ್ ಸ್ಟೀಲ್, ಅಂದರೆ ಸಾಧಾರಣ ಕಬ್ಬಿಣ) ಆಂಗಲ್ ಪಟ್ಟಿಯ ಚೌಕಟ್ಟು ಕೂಡುವ ಕಡೆ ಬೆಸುಗೆ ಬಿರುಕು ಬಿಟ್ಟಿದ್ದರೆ, ಹಿಂದೆ ಯಾವ ವೆಲ್ಡಿಂಗ್ ರಾಡ್ ಬಳಸಿದ್ದರೆಂದು ಮೊದಲು ವಿಚಾರಿಸಬೇಕು.

ಎಂ.ಎಸ್.ಗೆ ಬಳಸುವ ಸಾಧಾರಣ 6013 ರಾಡ್ ಹಾಕಿದರೆ, ಕರಗಿದ ಎಸ್.ಎಸ್.ನಿಂದ ಕ್ರೋಮಿಯಂ, ನಿಕ್ಕಲ್ ಸ್ವಲ್ಪ ಸ್ವಲ್ಪವೇ ಬೆಸುಗೆಗೆ ಸೇರಿ, ಅದು ತಣಿಯುವಾಗ ಮಾರ್ಟೆನ್ಸೈಟ್ ಎಂಬ ಗಡುಸಾದ, ಪೆಡಸಾದ ರೂಪ ತಾಳುತ್ತದೆ. 308ಎಲ್ ರಾಡ್ ತಯಾರಾಗಿರುವುದು 304 ದರ್ಜೆಯ ಎಸ್.ಎಸ್. ತಗಡನ್ನು ಅದೇ ದರ್ಜೆಯ ತಗಡಿಗೆ ಜೋಡಿಸುವುದಕ್ಕಾಗಿ; ಎಂ.ಎಸ್. ಕರಗಿ ಬೆರೆತರೆ ಅದರ ಸತ್ವವೂ ತೆಳುವಾಗುತ್ತದೆ. 309ಎಲ್ ರಾಡಿನಲ್ಲಿ ಸುಮಾರು 23 ಶೇಕಡಾ ಕ್ರೋಮಿಯಂ, 13 ಶೇಕಡಾ ನಿಕ್ಕಲ್ ಇರುವುದರಿಂದ, ಕಬ್ಬಿಣ ಬೆರೆತ ಮೇಲೂ ಬೆಸುಗೆ ಬಾಗುವ ಗುಣವನ್ನು ಉಳಿಸಿಕೊಳ್ಳುತ್ತದೆ. ಬೆಲೆ ಹೆಚ್ಚೆಂದು ಇದನ್ನು ಬಿಡುವುದು ನನ್ನ ಅಭಿಪ್ರಾಯದಲ್ಲಿ ಉಳಿತಾಯವಲ್ಲ.

ಆಂಗಲ್‌ನ ತುಕ್ಕು, ಬಣ್ಣ, ಕಪ್ಪು ಪದರವನ್ನು ಬೆಳ್ಳಗೆ ಲೋಹ ಕಾಣುವವರೆಗೆ ಗ್ರೈಂಡ್ ಮಾಡಿ. ಜಿ.ಐ. ಪೈಪ್ ಆಗಿದ್ದರೆ ಸತುವಿನ ಲೇಪವನ್ನು ಪೂರ್ತಿ ತೆಗೆಯಲೇಬೇಕು, ಏಕೆಂದರೆ ಕರಗಿದ ಸತು ಎಸ್.ಎಸ್.ನ ಒಳಕ್ಕೆ ಇಳಿದು ಬಿರುಕು ಹುಟ್ಟಿಸುತ್ತದೆ, ಅದರ ಹೊಗೆಯೂ ಕೆಟ್ಟದ್ದು. ಕಬ್ಬಿಣ ಉಜ್ಜಿದ ಡಿಸ್ಕ್ ಅಥವಾ ಬ್ರಷ್ ಅನ್ನು ಎಸ್.ಎಸ್. ಮೇಲೆ ಬಳಸಬೇಡಿ, ಅಂಟಿದ ಕಣಗಳಿಂದ ಅಲ್ಲಿಯೂ ತುಕ್ಕಿನ ಚುಕ್ಕೆಗಳು ಏಳುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಬಿಚ್ಚಿಟ್ಟ ರಾಡ್ ತೇವ ಹೀರಿದರೆ ಬೆಸುಗೆಯಲ್ಲಿ ಗುಳ್ಳೆ ಬೀಳುವುದರಿಂದ, ಡಬ್ಬಿಯ ಮೇಲೆ ಬರೆದಿರುವ ಉಷ್ಣತೆಯಲ್ಲಿ ಅದನ್ನು ಮತ್ತೆ ಒಣಗಿಸಿಕೊಳ್ಳಿ.

2.5 ಮಿ.ಮೀ. ರಾಡ್ ಅನ್ನು ಡಿ.ಸಿ.ಯ ಪ್ಲಸ್‌ಗೆ ಸಿಕ್ಕಿಸಿ, ಸುಮಾರು 60ರಿಂದ 80 ಆಂಪಿಯರ್ ಒಳಗೆ ಇಟ್ಟುಕೊಳ್ಳಿ. ಎಸ್.ಎಸ್. ಬಿಸಿಗೆ ಎಂ.ಎಸ್.ಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ, ಶಾಖವನ್ನೋ ನಿಧಾನವಾಗಿ ಸಾಗಿಸುತ್ತದೆ. ಹೀಗಾಗಿ ತೆಳು ತಗಡು ಬಲುಬೇಗ ಸೊಟ್ಟಗಾಗುತ್ತದೆ. ಟ್ಯಾಕ್‌ಗಳನ್ನು (ತಗಡನ್ನು ಹಿಡಿದಿಡುವ ಚಿಕ್ಕ ಬೆಸುಗೆ ಚುಕ್ಕೆಗಳನ್ನು) ಹತ್ತಿರ ಹತ್ತಿರ ಹಾಕಿ, ಒಂದು ಕಡೆ ಚಿಕ್ಕ ಗೆರೆ ಎಳೆದ ಮೇಲೆ ಎದುರು ಕಡೆಗೆ ಹೋಗಿ. ರಾಡ್ ಅನ್ನು ಅಡ್ಡಡ್ಡ ಆಡಿಸದೆ ನೇರವಾಗಿ ಸಾಗಿಸಿ, ಎಂ.ಎಸ್. ಬದಿಯಲ್ಲಿ ಆರ್ಕ್ ಅನ್ನು ಅನಗತ್ಯವಾಗಿ ನಿಲ್ಲಿಸಬೇಡಿ. ಆ ಬದಿ ಹೆಚ್ಚು ಕರಗಿದಷ್ಟೂ ಕಬ್ಬಿಣ ಹೆಚ್ಚು ಬೆರೆಯುತ್ತದೆ. ಮುಂದಿನ ಪದರಕ್ಕೆ ಮೊದಲು ಬೆಸುಗೆಯ ಮೇಲೆ ಕಟ್ಟುವ ಸ್ಲ್ಯಾಗ್ ಪೊರೆಯನ್ನು ತೆಗೆದು, ಲೋಹ 150 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವವರೆಗೆ ಕಾಯಿರಿ. ಎಸ್.ಎಸ್. ಬೆಸುಗೆಯ ಹೊಗೆಯಲ್ಲಿ ಕ್ಯಾನ್ಸರ್ ತರಬಲ್ಲ ಕ್ರೋಮಿಯಂ ಇರುವುದರಿಂದ, ಗಾಳಿಯಾಡುವ ಜಾಗ ಮತ್ತು ವೆಲ್ಡಿಂಗ್ ಹೊಗೆಗೆಂದೇ ಇರುವ ಮಾಸ್ಕ್ ಎರಡೂ ಬೇಕು.

ಹಬೆಯ ಪೈಪು, ಬಾಯ್ಲರ್‌ಗಳ ಬೆಸುಗೆಗೆ ಈ ಕ್ರಮ ಸಾಲದು. ಆ ಕೆಲಸವನ್ನು ಅರ್ಹತೆ ಪಡೆದವರಿಗೇ ಬಿಡಿ.

ತಣಿದ ಮೇಲೆ ಎಂ.ಎಸ್. ಭಾಗ, ಬೆಸುಗೆ ಮತ್ತು ಅದಕ್ಕೆ ಹೊಂದಿಕೊಂಡ ಎಸ್.ಎಸ್. ಅಂಚು, ಮೂರಕ್ಕೂ ಪ್ರೈಮರ್ ಮತ್ತು ಬಣ್ಣ ಬಳಿಯಿರಿ. ಪಲ್ಪಿಂಗ್ ನೀರು ಸದಾ ತಾಗುವ ಜಾಗದಲ್ಲಿ ಎಂ.ಎಸ್.ಗೆ ಮಾತ್ರ ಬಳಿದರೆ, ಬರಿದಾಗಿ ಉಳಿದ ಎಸ್.ಎಸ್. ನೀರಿನ ಮೂಲಕ ಎಂ.ಎಸ್.ನ ಸವೆತವನ್ನು ಹೆಚ್ಚಿಸುವುದರಿಂದ, ಬಣ್ಣ ಕಿತ್ತುಹೋದ ಚಿಕ್ಕ ಚುಕ್ಕೆಯಲ್ಲಿಯೇ ತುಕ್ಕು ವೇಗವಾಗಿ ಆಳಕ್ಕಿಳಿಯುತ್ತದೆ.