ವಿದ್ಯಾರ್ಥಿವೇತನದ ಅರ್ಜಿಯನ್ನು ಆನ್‌ಲೈನ್‌ಗೆ ತಂದಾಗ ನಾನು ಕಲಿತದ್ದು

ಉಡುಪಿ ಜಿಲ್ಲೆಯ ನಮ್ಮೂರಿನಲ್ಲಿ ಸಣ್ಣದೊಂದು ವಿದ್ಯಾನಿಧಿಯಿದೆ. ಅದರ ವಿದ್ಯಾರ್ಥಿವೇತನಕ್ಕೆ ಪಿಯುಸಿ, ಡಿಪ್ಲೊಮಾ ಹಾಗೂ ಪದವಿಯ ಮಕ್ಕಳೆಲ್ಲರೂ ಒಂದೇ ಅರ್ಜಿಯನ್ನು ತುಂಬಬೇಕಾಗಿದ್ದುದರಿಂದ, ಅದರಲ್ಲಿ ‘ಅನ್ವಯಿಸುವುದಿಲ್ಲ’ ಎಂದು ಬರೆಯುವ ಜಾಗಗಳೇ ಹೆಚ್ಚಾಗಿದ್ದವು. ಅರ್ಜಿಯನ್ನು ಆನ್‌ಲೈನ್‌ನಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆಯುವ ಗೂಗಲ್ ಫಾರ್ಮ್ಸ್‌ಗೆ ತರುವ ಹೊಣೆ ನನ್ನ ಪಾಲಿಗೆ ಬಂದಾಗ, ಯಾರಿಗೆ ಯಾವ ಪ್ರಶ್ನೆ ಬೇಕೋ ಅದನ್ನಷ್ಟೇ ಕೇಳಬೇಕೆಂದು ನಿಶ್ಚಯಿಸಿಕೊಂಡೆ.

ಇಲ್ಲಿ ಉತ್ತರವನ್ನು ಆರಿಸಿದ ಕೂಡಲೇ ಅದರ ಕೆಳಗೆ ಹೊಸ ಪ್ರಶ್ನೆ ತೆರೆದುಕೊಳ್ಳುವುದಿಲ್ಲ. ಫಾರ್ಮನ್ನು ಸೆಕ್ಷನ್‌ಗಳಾಗಿ, ಅಂದರೆ ಬೇರೆ ಬೇರೆ ಭಾಗಗಳಾಗಿ ಒಡೆದು, ಯಾವ ಉತ್ತರಕ್ಕೆ ಯಾವ ಸೆಕ್ಷನ್ ಎಂಬುದನ್ನು ನಾವೇ ಸೂಚಿಸಬೇಕು. ಒಂದೇ ಉತ್ತರವನ್ನು ಆರಿಸುವ ಪ್ರಶ್ನೆಗಳಿಗೆ ಮತ್ತು ಪಟ್ಟಿಯಿಂದ ಒಂದನ್ನು ಆರಿಸುವ ಡ್ರಾಪ್‌ಡೌನ್‌ಗೆ ಮಾತ್ರ ಈ ಸೌಲಭ್ಯವಿದ್ದು, ಹಲವು ಉತ್ತರಗಳನ್ನು ಆರಿಸಬಹುದಾದ ಚೆಕ್‌ಬಾಕ್ಸ್‌ಗೆ ಇಲ್ಲ. ನಾನು ಮೊದಲ ಬಾರಿ ಸೆಕ್ಷನ್‌ಗೆ ಹೋಗುವ ದಾರಿಯನ್ನು ಹಾಕಿ, ಅಲ್ಲಿಂದ ಹೊರಬರುವ ದಾರಿಯನ್ನು ಮರೆತೆ. ಪ್ರತಿ ಸೆಕ್ಷನ್‌ನ ಕೊನೆಯಲ್ಲಿ ‘ಮುಂದಿನ ಸೆಕ್ಷನ್‌ಗೆ ಹೋಗು’ ಎಂಬುದು ತಾನಾಗಿಯೇ ಇರುವುದರಿಂದ, ಪಿಯುಸಿಯ ವಿವರ ತುಂಬಿದ ಮಕ್ಕಳ ಮುಂದೆ ಡಿಪ್ಲೊಮಾದ ಕಡ್ಡಾಯ ಪ್ರಶ್ನೆಗಳು ಬಂದು ನಿಂತವು. ಮುಂದೆ ಸಾಗಲು ಬೇರೆ ದಾರಿಯಿಲ್ಲದೆ ಅವರು ಅಡ್ಡಗೆರೆ ಎಳೆದು ಕಳುಹಿಸಿದ್ದರು. ಅದಾದ ಮೇಲೆ ನಾನು ಎಲ್ಲ ಸೆಕ್ಷನ್‌ಗಳನ್ನೂ ಕಾಗದದಲ್ಲಿ ಬಾಣ ಹಾಕಿ ಬರೆದುಕೊಂಡೆ. ಮೂರು ಬಗೆಯ ಓದು, ಹಾಸ್ಟೆಲ್ ಇದೆ ಅಥವಾ ಇಲ್ಲ, ಬ್ಯಾಂಕ್ ಖಾತೆ ಸ್ವಂತದ್ದು ಅಥವಾ ಪೋಷಕರದ್ದು ಎಂದರೆ ಒಟ್ಟು 12 ದಾರಿಗಳು. ಹನ್ನೆರಡನ್ನೂ ಮೊಬೈಲಿನಲ್ಲಿ ಕೊನೆಯವರೆಗೆ ತುಂಬಿ ನೋಡಿದ ಬಳಿಕವೇ ಕೊಂಡಿಯನ್ನು ಹಂಚಿದೆ.

ಉತ್ತರಗಳನ್ನು ಪರಿಶೀಲಿಸುವ ನಿಯಮಗಳು ನನ್ನ ಹೆಚ್ಚಿನ ಸಮಯವನ್ನು ತೆಗೆದುಕೊಂಡವು. ನಮ್ಮ ದೇಶದ ಮೊಬೈಲ್ ಸಂಖ್ಯೆಯಲ್ಲಿ 10 ಅಂಕಿಗಳಿದ್ದು, ಅದು 6ರಿಂದ 9ರೊಳಗಿನ ಅಂಕಿಯಿಂದ ಆರಂಭವಾಗುತ್ತದೆ. ಇದನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್ ಆಗಿ, ಅಂದರೆ ಉತ್ತರ ಹೇಗಿರಬೇಕೆಂದು ಚಿಹ್ನೆಗಳಲ್ಲಿ ತಿಳಿಸುವ ಮಾದರಿಯಾಗಿ ಬರೆದೆನಾದರೂ, ಉತ್ತರವಿಡೀ ಆ ಮಾದರಿಗೆ ಹೊಂದಬೇಕು ಎನ್ನುವ ಬದಲು ಉತ್ತರದೊಳಗೆ ಆ ಮಾದರಿ ಎಲ್ಲಾದರೂ ಇದ್ದರೆ ಸಾಕು ಎನ್ನುವ ಆಯ್ಕೆಯನ್ನು ಒತ್ತಿದ್ದೆ. ಹಾಗಾಗಿ 12 ಅಂಕಿಗಳ ಉತ್ತರಗಳೂ ಒಳಗೆ ಬಂದವು. ಅದನ್ನು ಸರಿಪಡಿಸಿದ ಮರುದಿನವೇ ಒಬ್ಬ ವಿದ್ಯಾರ್ಥಿನಿಯ ತಂದೆ ಕರೆಮಾಡಿ, ಸರಿಯಾದ ಸಂಖ್ಯೆಯನ್ನು ಹಾಕಿದರೂ ಫಾರ್ಮ್ ಒಪ್ಪುತ್ತಿಲ್ಲವೆಂದರು. ಅವರು ಕನ್ನಡ ಕೀಲಿಮಣೆಯಲ್ಲಿ ೯, ೪, ೮ ಎಂದು ಕನ್ನಡ ಅಂಕಿಗಳನ್ನೇ ಒತ್ತಿದ್ದರು. ಕನ್ನಡದಲ್ಲೇ ಪ್ರಶ್ನೆ ಕೇಳಿ ಕನ್ನಡದ ಅಂಕಿಯನ್ನು ತಪ್ಪೆನ್ನುವುದು ನನಗೆ ಸರಿಕಾಣಲಿಲ್ಲ. ಎರಡೂ ಬಗೆಯ ಅಂಕಿಗಳನ್ನು ಒಪ್ಪುವಂತೆ ನಿಯಮವನ್ನು ತಿದ್ದಿ, ಉತ್ತರಗಳು ಸಾಲುಸಾಲಾಗಿ ಬಂದು ಸೇರುವ ಶೀಟ್‌ನಲ್ಲಿ ಸೂತ್ರವೊಂದನ್ನು ಬರೆದು ಎಲ್ಲವನ್ನೂ ಒಂದೇ ರೂಪಕ್ಕೆ ತಂದೆ.

ಹೆಸರಿಗೆ ಹಾಕಿದ್ದ ಉದ್ದದ ಮಿತಿಯನ್ನು ತೆಗೆದೇಬಿಟ್ಟೆ. ‘ಕೃಷ್ಣಮೂರ್ತಿ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಆದರೆ ಒತ್ತು, ಗುಣಿತ, ಹಲಂತಗಳು ಕಂಪ್ಯೂಟರ್ ಅಕ್ಷರಗಳನ್ನು ಸಂಕೇತಗಳಾಗಿ ಇಟ್ಟುಕೊಳ್ಳುವ ಯೂನಿಕೋಡ್‌ನಲ್ಲಿ ಬೇರೆ ಬೇರೆಯಾಗಿ ನಿಲ್ಲುವುದರಿಂದ ಅದೇ ಹೆಸರಿನಲ್ಲಿ 11 ಸಂಕೇತಗಳಿವೆ.

ಬ್ಯಾಂಕಿನ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಸಂಕೇತದ ನಿಯಮ ಮಾತ್ರ ಬಿಗಿಯಾಗಿಯೇ ಇರಬೇಕು. ಅದರಲ್ಲಿ 11 ಚಿಹ್ನೆಗಳಿದ್ದು, ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳು ಮತ್ತು ಐದನೆಯದು ಸೊನ್ನೆ. ಆ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ‘ಓ’ ಅಕ್ಷರವನ್ನು ಒತ್ತುವವರು ಬಹಳ. ಆದ್ದರಿಂದ ದೋಷದ ಸಂದೇಶದಲ್ಲಿ ‘ಅಮಾನ್ಯ ಉತ್ತರ’ ಎನ್ನುವ ಬದಲು ‘ಐದನೆಯದು ಓ ಅಕ್ಷರವಲ್ಲ, ಸೊನ್ನೆ, ಪಾಸ್‌ಬುಕ್ ನೋಡಿ ಮತ್ತೆ ಬರೆಯಿರಿ’ ಎಂದು ಬರೆದೆ. ಆದರೂ ನಿಯಮವು ಸಂಕೇತದ ಆಕಾರವನ್ನು ಬಲ್ಲುದೇ ಹೊರತು ಅದು ಇಂದಿಗೂ ಚಾಲ್ತಿಯಲ್ಲಿದೆಯೇ ಎಂಬುದನ್ನಲ್ಲ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಂದಿಗೆ ಸೇರಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದೊಂದಿಗೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಂದಿಗೂ ವಿಲೀನವಾದವು. ಈ ಮೂರೂ ನಮ್ಮ ಕರಾವಳಿಯಲ್ಲೇ ಹುಟ್ಟಿದ ಬ್ಯಾಂಕುಗಳಾದುದರಿಂದ, ಇಲ್ಲಿನ ಮನೆಗಳಲ್ಲಿ ಅವುಗಳ ಹಳೆಯ ಪಾಸ್‌ಬುಕ್ಕುಗಳು ಇನ್ನೂ ಇವೆ. ಅವುಗಳಲ್ಲಿನ ರದ್ದಾದ ಸಂಕೇತಗಳು ಪರಿಶೀಲನೆಯಲ್ಲಿ ಸಲೀಸಾಗಿ ತೇರ್ಗಡೆಯಾಗುತ್ತವೆ. ಒಂದು ಪ್ರಶ್ನೆಗೆ ಒಂದೇ ನಿಯಮ ಹಾಕಲು ಸಾಧ್ಯವಿದ್ದುದರಿಂದ, ಪ್ರಶ್ನೆಯ ಕೆಳಗೆ ಈ ಮೂರು ಬ್ಯಾಂಕುಗಳ ಹೆಸರನ್ನು ಬರೆದು, ಹೊಸ ಪಾಸ್‌ಬುಕ್ಕಿನ ಸಂಕೇತವನ್ನೇ ಕೊಡಬೇಕೆಂದು ಕೋರಿದೆ.

ಖಾತೆಯ ಸಂಖ್ಯೆಯನ್ನು ಎರಡು ಬಾರಿ ಕೇಳಿದರೂ, ಒಂದು ಉತ್ತರವನ್ನು ಇನ್ನೊಂದರೊಂದಿಗೆ ಹೋಲಿಸುವ ನಿಯಮ ಈ ಫಾರ್ಮ್‌ನಲ್ಲಿ ಇಲ್ಲ. ಆ ಹೋಲಿಕೆಯನ್ನು ಶೀಟ್‌ನಲ್ಲಿ ಮಾಡಿ, ಹೊಂದದ ಸಾಲುಗಳಿಗೆ ಬಣ್ಣ ಬರುವಂತೆ ಇಟ್ಟಿದ್ದೇನೆ. ಬಣ್ಣ ಬಂದ ಪ್ರತಿಯೊಂದು ಅರ್ಜಿಗೂ ಹಣ ಕಳುಹಿಸುವ ಮೊದಲು ನಾನೇ ಮನೆಯವರಿಗೆ ಕರೆಮಾಡಿ, ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಓದಿಸಿಕೊಳ್ಳುತ್ತೇನೆ.